ಗುಡ್ಡದ ಕಿರುದಾರಿಗೆ ಇಳಿಯುವ ಮುನ್ನ: ಯಾವ ದಿಕ್ಕು, ಯಾವ ಗಾಡಿ, ಯಾವ ಹೊತ್ತು?

ಮೂರು ವರ್ಷದ ಹಿಂದಿನ ಅಕ್ಟೋಬರ್. ಖಾನಾಪುರ ತಾಲ್ಲೂಕಿನ ಜಾಂಬೋಟಿ ಆಚೆ ಪರಿಚಯದವರೊಬ್ಬರ ಗೇರು ತೋಟಕ್ಕೆ ಹೋಗುವ ಗುಡ್ಡದ ದಾರಿಯಲ್ಲಿ ನನ್ನ ಹಳೆಯ ಜಿಪ್ಸಿ ಜೀಪಿನ ಎಡಗಡೆ ಹಿಂಗಾಲಿಯ ಕೆಳಗಿನ ಮಣ್ಣು ಜರಿಯಿತು. ಗಾಡಿ ಉರುಳಲಿಲ್ಲ. ಒಂದು ಗೇಣು ಕುಸಿದು ನಿಂತಿತು. ಆದರೆ ಕಳಚಿಕೊಂಡ ಜಂಬಿಟ್ಟಿಗೆ ಕಲ್ಲುಗಳು ಕೆಳಗಿನ ಕಂಟಿಯೊಳಗೆ ಬೀಳುವ ಸದ್ದು ಇನ್ನೂ ಕಿವಿಯಲ್ಲಿದೆ. ಟಪ್, ಟಪ್, ಆಮೇಲೆ ಬಹಳ ಹೊತ್ತು ಬಿಟ್ಟು ಇನ್ನೊಂದು ಟಪ್. ಕ್ಲೀನರ್ ಸೈಡಿನಲ್ಲಿ ಕೂತಿದ್ದ ತಮ್ಮ ಕಿಟಕಿಯಿಂದ ಮುಖ ತಿರುಗಿಸದೆ, "ಅಣ್ಣಾ, ಅಲ್ಲಾಡಬ್ಯಾಡ" ಅಂದ. ನಾನು ಬಲಗಡೆ ಕೂತವನು. ಅಂಚು ಎಲ್ಲಿದೆ ಎನ್ನುವುದು ನನಗೆ ಕಾಣುತ್ತಲೇ ಇರಲಿಲ್ಲ.

ಈಗ ಬೆಳಗಾವಿಯಲ್ಲಿ ಥಾರ್, ಜಿಮ್ನಿಯಂಥ ಫೋರ್ ವೀಲ್ ಜೀಪು ಕೊಂಡ ಗೆಳೆಯರು ಬಹಳ. ಶನಿವಾರ ಸಂಜೆ ಫೋನ್ ಮಾಡಿ ಯಾವ ಟಯರ್ ಹಾಕಿಸಲಿ, ಯಾವ ಗಾಡಿ ಒಳ್ಳೆಯದು, ಮಳೆಗಾಲದಲ್ಲಿ ಹೋಗೋಣವೇ ಎಂದು ಕೇಳುತ್ತಾರೆ. ಎಲ್ಲಕ್ಕೂ ನಾನು ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇನೆ. ಎರಡು ಆಯ್ಕೆ ಎದುರಿಗಿದ್ದಾಗ, ಲೆಕ್ಕ ತಪ್ಪಿದರೆ ಯಾವುದರಿಂದ ಹಿಂದಕ್ಕೆ ಬರಲು ಸಾಧ್ಯ ಎಂದು ಕೇಳಿಕೊಳ್ಳುತ್ತೇನೆ. ಕೆಳಗೆ ಬರೆದಿರುವುದೆಲ್ಲ ಅದೇ ಗೋಲಿನಿಂದ ಅಳೆದದ್ದು.

ಪ್ರದಕ್ಷಿಣೆಯೋ, ಅಪ್ರದಕ್ಷಿಣೆಯೋ?

ಗಾಡಿಗಿಂತ ಮೊದಲು ದಿಕ್ಕಿನ ಮಾತು. ಇದನ್ನು ಯಾರೂ ಕೇಳುವುದಿಲ್ಲ, ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದೇ.

ನಮ್ಮ ಗಾಡಿಗಳಲ್ಲಿ ಸ್ಟೇರಿಂಗ್ ಬಲಕ್ಕಿದೆ. ಗುಡಿಯನ್ನು ಸುತ್ತುವಂತೆ ಗುಡ್ಡವನ್ನು ಪ್ರದಕ್ಷಿಣೆಯಾಗಿ ಸುತ್ತಿದರೆ ಗುಡ್ಡ ಬಲಕ್ಕೆ, ಕಣಿವೆ ಎಡಕ್ಕೆ. ಅಂದರೆ ಡ್ರೈವರ್‌ಗೆ ಗುಡ್ಡದ ಗೋಡೆ ಚೆನ್ನಾಗಿ ಕಾಣುತ್ತದೆ, ಅಪಾಯದ ಅಂಚು ಬಾನೆಟ್ಟಿನ ಆಚೆ ಮರೆಯಾಗುತ್ತದೆ. ಅಪ್ರದಕ್ಷಿಣೆಯಾಗಿ ಹೋದರೆ ಕಣಿವೆ ನಿಮ್ಮ ಬಲ ಮೊಣಕೈ ಕೆಳಗೇ ಇರುತ್ತದೆ. ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದರೆ ಮುಂಗಾಲಿ ಅಂಚಿನಿಂದ ಎಷ್ಟು ದೂರ ಇದೆ ಎಂದು ಕಣ್ಣಾರೆ ಕಾಣುತ್ತದೆ. ಭಯ ಜಾಸ್ತಿ ಆಗುತ್ತದೆ, ನಿಜ. ಆದರೆ ಕಾಣುವ ಅಂಚಿನಿಂದ ಗಾಲಿಯನ್ನು ದೂರ ಇಡಬಹುದು. ಕಾಣದ ಅಂಚನ್ನು ಬರೀ ಊಹಿಸಬೇಕು.

ಇದರಲ್ಲಿ ಒಂದು ಕೊರತೆಯೂ ಇದೆ. ಕಣಿವೆ ಬಲಕ್ಕಿದ್ದಾಗ ಏನಾದರೂ ಆದರೆ ಡ್ರೈವರ್ ತನ್ನ ಬಾಗಿಲಿನಿಂದ ಇಳಿಯುವ ಹಾಗಿಲ್ಲ, ಸೀಟು ದಾಟಿ ಎಡಗಡೆಯಿಂದ ಇಳಿಯಬೇಕು. ನಮ್ಮ ಜಿಪ್ಸಿ ಕುಸಿದಾಗ ಗುಡ್ಡ ಬಲಕ್ಕಿದ್ದ ಕಾರಣ ನಾನು ಸಲೀಸಾಗಿ ಇಳಿದೆ, ತಮ್ಮ ಗೇರ್ ಲಿವರ್ ದಾಟಿ ಬರುವಷ್ಟರಲ್ಲಿ ಇಬ್ಬರಿಗೂ ಬೆವರು ಹರಿಯಿತು. ಹಾಗಿದ್ದರೂ ಸುತ್ತುದಾರಿ ಸಿಕ್ಕರೆ ನಾನು ಅಪ್ರದಕ್ಷಿಣೆಯನ್ನೇ ಆರಿಸುತ್ತೇನೆ. ಹೋದ ದಾರಿಯಲ್ಲೇ ವಾಪಸ್ ಬರಬೇಕಾದರೆ ಒಂದು ಸಲವಾದರೂ ಕಣಿವೆ ಎಡಕ್ಕೆ ಬರುತ್ತದೆ. ಆಗ ಎಡಗಡೆಯ ಕನ್ನಡಿಯನ್ನು ಹಿಂಗಾಲಿ ಕಾಣುವಷ್ಟು ಕೆಳಗೆ ತಿರುಗಿಸಿಕೊಳ್ಳಿ, ಒಬ್ಬರನ್ನು ಕೆಳಗಿಳಿಸಿ ಮುಂದೆ ನಡೆಸಿ.

ನಡೆದು ತೋರಿಸುವವರು ಒಬ್ಬರೇ ಇರಲಿ. ನಮ್ಮ ಕಡೆ ಲಾರಿ ಕ್ಲೀನರ್‌ಗಳು "ಬರ್ಲಿ, ಬರ್ಲಿ, ಬರ್ಲಿ, ಹೋಲ್ಡ್!" ಎಂದು ಕೂಗುತ್ತಾರಲ್ಲ, ಅದರಲ್ಲಿ ದೊಡ್ಡ ಬುದ್ಧಿ ಇದೆ: ಒಂದೇ ದನಿ, ಎರಡೇ ಮಾತು. ಮೂರು ಜನ ಮೂರು ಕಡೆ ಕೈ ಬೀಸಿದರೆ ಡ್ರೈವರ್ ಯಾರನ್ನೂ ನೋಡುವುದಿಲ್ಲ. ತೋರಿಸುವವರು ಗಾಡಿಗೂ ಕಣಿವೆಗೂ ನಡುವೆ ನಿಲ್ಲಬಾರದು, ಇಳಿಜಾರಿನಲ್ಲಿ ಗಾಡಿಯ ನೇರ ಕೆಳಗೂ ನಿಲ್ಲಬಾರದು. ಗುಡ್ಡದ ಒತ್ತಿಗೆ, ಡ್ರೈವರ್‌ಗೆ ಮುಖ ಕಾಣುವ ಹಾಗೆ, ಒಂದೆರಡು ಗಾಡಿಯ ಉದ್ದದಷ್ಟು ದೂರ ಇರಲಿ. ಅವರು ಕಣ್ಣಿಗೆ ಕಾಣದಿದ್ದರೆ ಗಾಡಿ ನಿಲ್ಲಬೇಕು.

ಕೆಂಪು ಮಣ್ಣೋ, ಕಲ್ಲು ಗುಡ್ಡವೋ, ಎರಿಯೋ?

ನಮ್ಮ ಮೂರು ಜಿಲ್ಲೆಗಳಲ್ಲಿ ನೆಲ ಮೂರು ಥರ. ಖಾನಾಪುರ ತಾಲ್ಲೂಕಿನ ಘಟ್ಟದ ಕಡೆ ಕೆಂಪು ಮಣ್ಣು, ಜಂಬಿಟ್ಟಿಗೆ. ಬಾದಾಮಿ ಕಡೆ ಮರಳುಗಲ್ಲಿನ ಗುಡ್ಡ. ವಿಜಯಪುರದ ಬಯಲಿನಲ್ಲಿ ಎರಿ, ಅಂದರೆ ಕಪ್ಪು ಮಣ್ಣು.

ಎರಿ ಹೊಲದ ದಾರಿಯಲ್ಲಿ ಉರುಳುವ ಭಯ ಕಡಿಮೆ, ಸಿಕ್ಕಿಕೊಳ್ಳುವ ಭಯ ಹೆಚ್ಚು. ಒಂದು ದೊಡ್ಡ ಮಳೆ ಬಿದ್ದರೆ ಮಣ್ಣು ಟಯರಿಗೆ ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಂಡು ಗಾಲಿ ಬರೀ ಉಂಡೆಯಾಗುತ್ತದೆ, ಯಾವ ಗಾಡಿಯೂ ನಡೆಯುವುದಿಲ್ಲ. ಬಿಸಿಲು ಬಿದ್ದು ಒಣಗುವ ತನಕ ಕಾಯುವುದೇ ದಾರಿ. ಬಾದಾಮಿಯ ಕಲ್ಲು ಗಾಲಿಗೆ ಒಳ್ಳೆಯ ಹಿಡಿತ ಕೊಡುತ್ತದೆ, ಆದರೆ ಮೇಲೆ ಚೆಲ್ಲಿದ ಸಣ್ಣ ಮರಳು ಜಾರಿಸುತ್ತದೆ, ಚೂಪು ಅಂಚು ಟಯರಿನ ಪಕ್ಕವನ್ನು ಸೀಳುತ್ತದೆ. ಅಲ್ಲಿ ಗುಡಿ, ಗವಿ, ಕೋಟೆಗಳ ಸುತ್ತಲಿನ ರಕ್ಷಿತ ಜಾಗದೊಳಗೆ ಗಾಡಿ ಹೊಗಿಸುವ ಮಾತೇ ಬೇಡ.

ನಿಜವಾದ ಕಷ್ಟ ಖಾನಾಪುರದ ಕೆಂಪು ಮಣ್ಣಿನದು. ಇದು ಎರಡು ಮುಖದ ನೆಲ. ಬೇಸಿಗೆಯಲ್ಲಿ ಮೇಲಿನ ಗರಸು ಸಡಿಲವಾಗಿ ಗೋಲಿಯ ಹಾಗೆ ಗಾಲಿಯಡಿ ಉರುಳುತ್ತದೆ. ಮಳೆಯಲ್ಲಿ ಮೇಲಿನ ಪದರ ಬೆಣ್ಣೆಯಾಗುತ್ತದೆ, ಕೆಳಗೆ ಗಟ್ಟಿ ಕಲ್ಲೇ ಇದ್ದರೂ ಗಾಲಿ ಅದನ್ನು ಮುಟ್ಟುವುದಿಲ್ಲ. ಮೇಲಾಗಿ ನೀರು ಕಣಿವೆ ಬದಿಯ ಮಣ್ಣನ್ನು ಕೆಳಗಿನಿಂದ ಕೊರೆದಿರುತ್ತದೆ. ಮೇಲೆ ಹುಲ್ಲು ಬೆಳೆದು ಅಂಚು ಗಟ್ಟಿಯಾಗಿದೆ ಅನ್ನಿಸುತ್ತದೆ. ನನ್ನ ಜಿಪ್ಸಿ ಮೋಸ ಹೋದದ್ದು ಇಂಥ ಹಸಿರು ಅಂಚಿಗೇ. ಈಗ ಅನುಮಾನ ಬಂದ ಕಡೆ ಇಳಿದು, ಅಂಚಿನಿಂದ ಒಂದು ಮೊಳ ಒಳಗೆ ಕಬ್ಬಿಣದ ಸಲಾಕಿ ಊರಿ ನೋಡುತ್ತೇನೆ. ಒತ್ತಿದರೆ ಒಳಗೆ ಇಳಿಯಿತೋ, ಆ ಮೊಳ ದಾರಿಯೇ ಅಲ್ಲ. ಹುಲ್ಲಿನ ಮೇಲೆ ಗಾಲಿ ಇಡುವುದೋ, ಗುಡ್ಡದ ಕಲ್ಲಿಗೆ ಕನ್ನಡಿ ಉಜ್ಜಿಸುವುದೋ ಎಂಬ ಪ್ರಶ್ನೆ ಬಂದರೆ ಕನ್ನಡಿ ಹೋಗಲಿ.

ಎಲ್ಲಿ ಹೋಗಬಾರದು ಎನ್ನುವುದೂ ಸುರಕ್ಷತೆಯ ಮಾತೇ. ಖಾನಾಪುರ ತಾಲ್ಲೂಕಿನ ಭೀಮಗಡ 2011ರಿಂದ ವನ್ಯಜೀವಿ ಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿ ಅನುಮತಿ ಇಲ್ಲದೆ ಹೊಗುವ ಹಾಗಿಲ್ಲ. ಮೀಸಲು ಅರಣ್ಯದ ಹಳೆಯ ಜೀಪ್ ದಾರಿಗಳು ಮ್ಯಾಪಿನಲ್ಲಿ ಕಂಡವು ಎಂದು ನುಗ್ಗಿದರೆ ಕೇಸು ಆಗುವುದಷ್ಟೇ ಅಲ್ಲ, ಸಿಕ್ಕಿಕೊಂಡಾಗ ಸಹಾಯಕ್ಕೆ ಕರೆಯಲೂ ಬಾಯಿ ಬರುವುದಿಲ್ಲ. ಕರಡಿ, ಕಾಡುಕೋಣ ಓಡಾಡುವ ಜಾಗ ಅದು. ಯಾರದಾದರೂ ಹೊಲ, ತೋಟಕ್ಕೆ ಹೋಗುವ ದಾರಿಯನ್ನು ಮಾಲೀಕರನ್ನು ಕೇಳಿಯೇ ಬಳಸಿ. ಕೇಳಿದಾಗ ಅನುಮತಿಯ ಜೊತೆ ಸುದ್ದಿಯೂ ಸಿಗುತ್ತದೆ: "ಆ ಹಳ್ಳದ ಹತ್ರ ಮೊನ್ನೆ ಮಣ್ಣ ಕುಸದೈತ್ರಿ."

ಗಾಡಿ: ಅಗಲ ಮೊದಲು, ಶಕ್ತಿ ಆಮೇಲೆ

ಶೋರೂಮಿನಲ್ಲಿ ಎಲ್ಲರೂ ಶಕ್ತಿ ಕೇಳುತ್ತಾರೆ. ಕಿರಿದಾದ ದಾರಿಯಲ್ಲಿ ನಾನು ಮೊದಲು ಅಗಲ ಕೇಳುತ್ತೇನೆ. ಐದು ಬಾಗಿಲಿನ ಜಿಮ್ನಿಯ ಅಗಲ 1645 ಮಿಲಿಮೀಟರ್, ಮೂರು ಬಾಗಿಲಿನ ಥಾರ್‌ನದು 1820, ಹಳೆಯ ಜಿಪ್ಸಿಯದು 1540. ದಾರಿ ಎರಡು ಮೀಟರ್ ಇಪ್ಪತ್ತು ಸೆಂಟಿಮೀಟರ್ ಇದೆ ಎಂದುಕೊಳ್ಳಿ. ನಡುವೆ ಸರಿಯಾಗಿ ನಡೆಸಿದರೂ ಥಾರ್‌ಗೆ ಒಂದೊಂದು ಬದಿಗೆ ಉಳಿಯುವುದು 19 ಸೆಂಟಿಮೀಟರ್, ಜಿಮ್ನಿಗೆ ಸುಮಾರು 28, ಜಿಪ್ಸಿಗೆ 33. ಒಂದು ಗೇಣಿಗೂ ಕಡಿಮೆ ಜಾಗ ಮತ್ತು ಒಂದು ಗೇಣಿಗೂ ಹೆಚ್ಚು ಜಾಗ, ಇವೆರಡರ ನಡುವಿನ ವ್ಯತ್ಯಾಸ ಏನೆಂದು ಅಂಚಿನಲ್ಲಿ ನಿಂತವರಿಗೆ ಗೊತ್ತು. ಜಿಮ್ನಿ ಹಗುರವೂ ಹೌದು, ಸುಮಾರು 1200 ಕಿಲೋ. ಥಾರ್ ಅದಕ್ಕಿಂತ ಐನೂರು ಕಿಲೋದಷ್ಟು ಭಾರ. ಸಡಿಲ ಅಂಚು ಹಗುರ ಗಾಡಿಯನ್ನು ತಡೆದುಕೊಳ್ಳಬಹುದು, ಭಾರದ್ದನ್ನು ತಡೆದುಕೊಳ್ಳುತ್ತದೆ ಎಂದು ಹೇಳಲಾಗದು.

ಹಾಗೆಂದು ಥಾರ್ ಕೆಟ್ಟದ್ದೆಂದು ಅರ್ಥವಲ್ಲ. ನೆಲದಿಂದ ಎತ್ತರ ಜಿಮ್ನಿಗೆ 210 ಮಿಲಿಮೀಟರ್, ಥಾರ್‌ಗೆ 226. ಥಾರ್‌ನ ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರ 2450 ಮಿಲಿಮೀಟರ್, ಜಿಮ್ನಿಯದು 2590. ಹೀಗಾಗಿ ದಿಬ್ಬ ದಾಟುವಾಗ ಜಿಮ್ನಿಯ ಹೊಟ್ಟೆ ಬೇಗ ತಾಕುತ್ತದೆ. ಡೀಸೆಲ್ ಥಾರ್‌ನ ಟಾರ್ಕ್, ಅಂದರೆ ಎಳೆಯುವ ಬಲ, 300 ನ್ಯೂಟನ್ ಮೀಟರ್, ಜಿಮ್ನಿಯದು 134. ಕಲ್ಲಿನ ಕಡಿದಾದ ಏರಿನಲ್ಲಿ ಥಾರ್ ಆಕ್ಸಿಲರೇಟರ್ ಒತ್ತದೆಯೇ ಏರುವ ಕಡೆ ಜಿಮ್ನಿಗೆ ಎಂಜಿನ್ ಜೋರಾಗಿ ತಿರುಗಿಸಬೇಕಾಗುತ್ತದೆ. ತಿರುಗಿಸಿದಷ್ಟೂ ಗಾಲಿ ಜಾರುವ ಸಂಭವ ಹೆಚ್ಚು. ಅಗಲವಾದ, ಕಲ್ಲು ತುಂಬಿದ ಏರಿಗೆ ಥಾರ್. ಇಕ್ಕಟ್ಟಾದ, ಮೆತ್ತನೆ ಅಂಚಿನ ದಾರಿಗೆ ಜಿಮ್ನಿ. ಖಾನಾಪುರ ಕಡೆಯ ತೋಟದ ದಾರಿಗಳು ಎರಡನೇ ಜಾತಿಯವು. ಫೋರ್ಸ್ ಕಂಪನಿಯ ಗೂರ್ಖಾಕ್ಕೆ ಎರಡೂ ಆಕ್ಸಲ್‌ಗಳಲ್ಲಿ ಡಿಫರೆನ್ಷಿಯಲ್ ಲಾಕ್ (ಒಂದು ಗಾಲಿ ಜಾರಿದರೂ ಇನ್ನೊಂದಕ್ಕೆ ಬಲ ಹೋಗುವ ವ್ಯವಸ್ಥೆ) ಇದೆ, ಅದು ನಿಜಕ್ಕೂ ದೊಡ್ಡ ಬಲ. ಆದರೆ ಗಾಡಿ ಅಗಲ, ಎತ್ತರ. ಅಡ್ಡ ವಾಲಿದ ದಾರಿಯಲ್ಲಿ ಎತ್ತರದ ಗಾಡಿ ನನಗೆ ಸಮಾಧಾನ ಕೊಡುವುದಿಲ್ಲ.

ಒಂದು ಎಚ್ಚರಿಕೆ: ಥಾರ್ ಎಂಬ ಹೆಸರಿದ್ದ ಮಾತ್ರಕ್ಕೆ ನಾಲ್ಕೂ ಗಾಲಿಗೆ ಎಂಜಿನ್ ಬಲ ಇರುವುದಿಲ್ಲ. 2023ರಿಂದ ಹಿಂದಿನ ಎರಡೇ ಗಾಲಿಯಿಂದ ಓಡುವ ಥಾರ್ ಕೂಡ ಬಂದಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗೇರ್ ಲಿವರಿನ ಪಕ್ಕ ಇನ್ನೊಂದು ಲಿವರ್ ಇದೆಯೇ, ಅದರಲ್ಲಿ 4ಎಲ್ (ನಾಲ್ಕೂ ಗಾಲಿಗೆ ಬಲ ಕೊಡುವ ನಿಧಾನದ ಗೇರು) ಇದೆಯೇ ಎಂದು ನೋಡಿಯೇ ಮುಂದಿನ ಮಾತಾಡಿ.

ಮ್ಯಾನುವಲ್ ಮತ್ತು ಆಟೊಮ್ಯಾಟಿಕ್ ನಡುವೆ ನನ್ನ ಮನಸ್ಸು ಬದಲಾಗಿದೆ. ಮೊದಲು ಮ್ಯಾನುವಲ್ ಬಿಟ್ಟು ಬೇರೆ ಮಾತಿರಲಿಲ್ಲ. ಈಗ ಹೊಸಬರಿಗೆ ಆಟೊಮ್ಯಾಟಿಕ್ ಎನ್ನುತ್ತೇನೆ, ಯಾಕೆಂದರೆ ಏರಿನ ನಡುವೆ ಬಂದ್ ಬಿದ್ದು, ಹಾಫ್ ಕ್ಲಚ್ಚಿನಲ್ಲಿ ಹಿಂದಕ್ಕೆ ಉರುಳಿ ಗಾಬರಿಯಾಗುವುದು ತಪ್ಪುತ್ತದೆ. ಇಳಿಜಾರಿನಲ್ಲಿ ಮಾತ್ರ ಡಿ ಯಲ್ಲಿ ಬಿಡದೆ ಕೆಳಗಿನ ಗೇರಿಗೆ ಕೈಯಾರೆ ಹಾಕಿ ಹಿಡಿಯಬೇಕು. ಕ್ಲಚ್ ಪಳಗಿದವರಿಗೆ ಮ್ಯಾನುವಲ್ಲೇ ಇಳಿಯಲು ಹೆಚ್ಚು ನಂಬಿಗಸ್ತ.

ಸಾಮಾನು ಟಾಪ್ ಮೇಲೆ ಕಟ್ಟಬೇಕೋ, ಒಳಗೆ ಇಡಬೇಕೋ? ಒಳಗೆ, ಸೀಟಿನ ಬುಡದಲ್ಲಿ, ಬಿಗಿಯಾಗಿ. ಟಾಪ್ ಮೇಲಿನ ನಲವತ್ತು ಕಿಲೋ ಅಡ್ಡ ಇಳಿಜಾರಿನಲ್ಲಿ ಗಾಡಿಯನ್ನು ಕಣಿವೆ ಕಡೆಗೇ ಎಳೆಯುತ್ತದೆ.

ಟಯರ್ ಮತ್ತು ಗಾಳಿ

ಎಂ.ಟಿ., ಅಂದರೆ ರಾಡಿಗೆಂದೇ ಮಾಡಿದ ಟಯರ್ ನೋಡಲು ಚೆಂದ, ರಾಡಿಯಲ್ಲಿ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಆದರೆ ತೋಯ್ದ ಬಂಡೆಯ ಮೇಲೆ, ತೋಯ್ದ ಡಾಂಬರಿನ ಮೇಲೆ ಅದರ ದಪ್ಪ ಗಡ್ಡೆಗಳಿಗೆ ಹಿಡಿತ ಕಡಿಮೆ. ಬೆಳಗಾವಿಯಿಂದ ಗುಡ್ಡದ ಬುಡದ ತನಕ ಡಾಂಬರೇ ತಾನೇ? ಎ.ಟಿ., ಅಂದರೆ ಎಲ್ಲ ನೆಲಕ್ಕೂ ಆಗುವ ಟಯರ್ ಸಾಕು. ಟಯರಿಗೆ ಉಳಿಸಿದ ದುಡ್ಡಿನಲ್ಲಿ ಒಳ್ಳೆಯ ಗಾಳಿ ಪಂಪು ಮತ್ತು ಪ್ರೆಶರ್ ಗೇಜ್ ಕೊಳ್ಳಿ.

ಗಾಳಿ ಇಳಿಸುವುದು ಟಯರ್ ಬದಲಿಸುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ರಸ್ತೆಯಲ್ಲಿ 30 ಪಿಎಸ್‌ಐ ಆಸುಪಾಸು ಇರುವುದನ್ನು ಕೆಂಪು ಮಣ್ಣಿನ ದಾರಿಯಲ್ಲಿ 22ರ ಹತ್ತಿರಕ್ಕೆ ತಂದರೆ ಟಯರ್ ನೆಲಕ್ಕೆ ಹಾಸಿಕೊಂಡು ಕೂರುತ್ತದೆ. ಇನ್ನೂ ಇಳಿಸುವ ಆಸೆ ಬರುತ್ತದೆ. ಮರಳಿನಲ್ಲಾದರೆ ಇಳಿಸಬಹುದು, ಗುಡ್ಡದ ಅಂಚಿನಲ್ಲಿ ಬೇಡ. ಅಡ್ಡ ವಾಲಿದಾಗ ಟಯರ್ ರಿಮ್ಮಿನಿಂದ ಕಳಚಿದರೆ ಅಲ್ಲಿ ಜಾಕ್ ಇಡಲೂ ಜಾಗ ಇರುವುದಿಲ್ಲ. ವಾಪಸ್ ಡಾಂಬರಿಗೆ ಬಂದ ತಕ್ಷಣ ಮತ್ತೆ ತುಂಬಿಸಿ, ನಾಲ್ಕೂ ಗಾಲಿ ಎಳೆಯುವ 4ಎಚ್‌ನಿಂದ ಟೂ ವೀಲ್‌ಗೆ ಬನ್ನಿ. ಈ ಗಾಡಿಗಳಲ್ಲಿ ಒಣ ಡಾಂಬರಿನ ಮೇಲೆ ಫೋರ್ ವೀಲ್ ಓಡಿಸಿದರೆ ತಿರುವಿನಲ್ಲಿ ಗೇರುಗಳು ಒಂದನ್ನೊಂದು ಜಗ್ಗಾಡುತ್ತವೆ.

ಬ್ರೇಕೋ, ಗೇರೋ?

ಇಳಿಯುವಾಗ ಗೇರು. ಇಳಕಲು ಶುರುವಾಗುವ ಮೊದಲೇ ನಿಂತು 4ಎಲ್, ಮೊದಲ ಗೇರ್ ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದುಬಿಡಿ. ಎಂಜಿನ್ ನಾಲ್ಕೂ ಗಾಲಿಯನ್ನು ಸಮನಾಗಿ ಹಿಡಿದು ಇಳಿಸುತ್ತದೆ. ಬರೀ ಬ್ರೇಕ್ ಒತ್ತಿದರೆ ಸಡಿಲ ಗರಸಿನ ಮೇಲೆ ಗಾಲಿ ಕಚ್ಚಿಕೊಂಡು ಗಾಡಿ ಸ್ಲೆಡ್ಡಿನ ಹಾಗೆ ಜಾರುತ್ತದೆ, ಸ್ಟೇರಿಂಗ್ ಮಾತು ಕೇಳುವುದಿಲ್ಲ. ಜಾರಿತು ಅನ್ನಿಸಿದರೆ ಬ್ರೇಕ್ ಸಡಿಲಿಸಿ ಗಾಲಿ ತಿರುಗಲು ಬಿಡಬೇಕು, ಮನಸ್ಸು ಒಪ್ಪದಿದ್ದರೂ. ಇದನ್ನು ಕಣಿವೆ ಪಕ್ಕದಲ್ಲಿ ಕಲಿಯಲು ಆಗುವುದಿಲ್ಲ. ಮನೆಯ ಹೊಲದ ಬದುವಿನಲ್ಲಿ, ಬಿದ್ದರೂ ಒಂದಡಿ ಬೀಳುವ ಕಡೆ, ಹತ್ತು ಸಲ ಮಾಡಿ ಕಾಲಿಗೆ ರೂಢಿ ಮಾಡಿಸಿ.

ಏರಿನ ಅರ್ಧಕ್ಕೆ ಗಾಡಿ ನಿಂತರೆ ಎದುರಿಗೆ ಎರಡು ಆಯ್ಕೆ: ಅಲ್ಲೇ ತಿರುಗಿಸುವುದು, ಅಥವಾ ಬಂದ ಗೆರೆಯಲ್ಲೇ ಹಿಂದಕ್ಕೆ ಇಳಿಯುವುದು. ತಿರುಗಿಸಲು ಹೋದರೆ ಗಾಡಿ ಏರಿಗೆ ಅಡ್ಡ ಬರುತ್ತದೆ, ಉರುಳುವುದು ಆವಾಗಲೇ. ಬ್ರೇಕ್ ಹಿಡಿದು, ರಿವರ್ಸ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಎಂಜಿನ್ ಹಿಡಿತದಲ್ಲೇ ನೆಟ್ಟಗೆ ಇಳಿಯಿರಿ. ನ್ಯೂಟ್ರಲ್ ಬೇಡ, ಕ್ಲಚ್ ಒತ್ತಿಯೂ ಇಳಿಯಬೇಡಿ.

ಸಮದಾರಿಯಲ್ಲಿ ತಿರುಗಿಸಲೇಬೇಕಾದರೆ ಗಾಡಿಯ ಮುಖ ಕಣಿವೆಗೆ, ಬೆನ್ನು ಗುಡ್ಡಕ್ಕೆ ಇರಲಿ. ಹಿಂದಕ್ಕೆ ಹೋಗುವಾಗ ತಪ್ಪಿದರೆ ಬಂಪರ್ ಗುಡ್ಡಕ್ಕೆ ತಾಕುತ್ತದೆ, ಅಷ್ಟೇ ನಷ್ಟ. ಬಹಳ ಜನ ಕಣಿವೆ ನೋಡಲು ಹೆದರಿ ಉಲ್ಟಾ ಮಾಡುತ್ತಾರೆ.

ಎದುರಿಗೆ ಗಾಡಿ ಬಂದರೆ ಇಳಿಯುವವರು ನಿಂತು, ಏರುವವರಿಗೆ ದಾರಿ ಬಿಡಬೇಕು. ಇದು ಬರೀ ಸೌಜನ್ಯವಲ್ಲ, ರಸ್ತೆ ನಿಯಮಾವಳಿಯಲ್ಲಿಯೇ ಬರೆದಿಟ್ಟ ಮಾತು. ಆದರೆ ಕಚ್ಚಾ ದಾರಿಯಲ್ಲಿ ಹತ್ತಿರದ ಅಗಲ ಜಾಗ ಏರುವವರ ಹಿಂದೆಯೇ ಹತ್ತು ಹೆಜ್ಜೆಗಿದ್ದರೆ ಅವರೇ ಹಿಂದೆ ಸರಿಯುವುದು ಬುದ್ಧಿ. ಅದಕ್ಕೇ ಹೋಗುತ್ತಾ ಅಗಲ ಜಾಗಗಳನ್ನು ನೆನಪಿಡುತ್ತಾ ಹೋಗಿ. ಕಬ್ಬೋ ಕಟ್ಟಿಗೆಯೋ ಹೇರಿಕೊಂಡ ಟ್ರ್ಯಾಕ್ಟರ್ ಬಂದರೆ ನಿಯಮ ಹುಡುಕಬೇಡಿ. ಟ್ರೇಲರ್ ಹಿಂದೆ ಸರಿಯುವುದು ಕಷ್ಟ, ನೀವೇ ಸರಿಯಿರಿ.

ಮಳೆಗಾಲವೋ, ಚಳಿಗಾಲವೋ?

ಫೋಟೊಗೆ ಮಳೆಗಾಲ. ಕಣಕುಂಬಿ, ಆಮಗಾಂವ್ ಕಡೆಯ ಮಳೆ ಸಾಮಾನ್ಯದ್ದಲ್ಲ, ಆಮಗಾಂವ್ ಆಗುಂಬೆಯನ್ನೇ ಹಿಂದೆ ಹಾಕಿದ ವರ್ಷಗಳಿವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಚಿನ ದಾರಿಗೆ ನಾನು ಹೋಗುವುದಿಲ್ಲ. ಹಸಿರು ನೋಡಬೇಕೆನಿಸಿದರೆ ಗೋವಾ ಕಡೆಗೆ ಹೋಗುವ ಚೋರ್ಲಾ ಘಾಟಿನ ಡಾಂಬರು ದಾರಿ ಇದೆ. ಅಲ್ಲಿಯೂ ಮಂಜು ಮುಸುಕಿದಾಗ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ, ಲೋ ಬೀಮಿನಲ್ಲೇ ಹೋಗಬೇಕು. ಮಳೆ ನಿಂತ ಮೇಲೂ ಮಣ್ಣು ಒಳಗೆ ಹಸಿ ಇರುತ್ತದೆ. ನಮ್ಮ ಕತೆ ನಡೆದದ್ದು ಅಕ್ಟೋಬರ್‌ನ ಬಿಸಿಲಲ್ಲೇ. ನವೆಂಬರ್ ಕೊನೆಯಿಂದ ಫೆಬ್ರುವರಿ ತನಕ ನೆಲ ಒಣಗಿ ಗಟ್ಟಿಯಾಗಿ, ಗರಸು ಇನ್ನೂ ಪೂರ್ತಿ ಸಡಿಲವಾಗದ ಕಾಲ. ಅದೇ ಸರಿ.

ಹೊತ್ತಿನ ಲೆಕ್ಕ ಸುಲಭ. ಬೆಳಗಾವಿಗೆ ಘಟ್ಟ ಇರುವುದು ಪಶ್ಚಿಮಕ್ಕೆ. ಬೆಳಿಗ್ಗೆ ಹೋದರೆ ಸೂರ್ಯ ಬೆನ್ನಿಗೆ, ಸಂಜೆ ಬಂದರೂ ಬೆನ್ನಿಗೆ. ಮಧ್ಯಾಹ್ನ ಊಟ ಮಾಡಿ ಹೊರಟರೆ ಇಳಿಬಿಸಿಲು ನೇರ ಕಣ್ಣಿಗೆ ಬಡಿದು ದಾರಿ ಕಾಣುವುದಿಲ್ಲ, ವಾಪಸಾಗುವಾಗ ಕತ್ತಲೆ.

ಹಗ್ಗವೋ, ಸರಪಳಿಯೋ?

ಅವತ್ತು ಊರಿನಿಂದ ಬಂದ ಟ್ರ್ಯಾಕ್ಟರಿನ ಹಿರಿಯರು ಮೊದಲು ಎಳೆಯಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ನಡೆದು, ಕೂತು ಹಿಂಗಾಲಿಯ ಕೆಳಗೆ ಕೈ ಹಾಕಿ ನೋಡಿ, "ಮೊದಲ ಕಟ್ಟೂಣ್ರಿ, ಆಮ್ಯಾಲ ಜಗ್ಗೂಣ" ಅಂದರು. ಜಿಪ್ಸಿಯನ್ನು ಗುಡ್ಡದ ಬದಿಯ ಮತ್ತಿಮರಕ್ಕೆ ಕಟ್ಟಿ, ಕಣಿವೆಗೆ ಜಾರದಂತೆ ಮಾಡಿಕೊಂಡು, ನಂತರ ಬಂದ ದಾರಿಗೇ ಹಿಂದಕ್ಕೆ ಎಳೆದರು. ಅವರ ಹತ್ತಿರ ಇದ್ದದ್ದು ಸರಪಳಿ. ನಿಧಾನವಾಗಿ, ಬಿಗಿ ಮಾಡಿಕೊಂಡು ಎಳೆಯಲು ಅದು ನಡೆಯುತ್ತದೆ. ಜರ್ಕ್ ಕೊಟ್ಟು ಎಳೆಯಲು ಮಾತ್ರ ಸರಪಳಿಯಾಗಲಿ, ಉಕ್ಕಿನ ತಂತಿಯ ಹಗ್ಗವಾಗಲಿ ಬೇಡ. ಹರಿದರೆ ಹಾರಿ ಬರುವುದು ಮನುಷ್ಯರ ಮೇಲೆ. ನೈಲಾನಿನ ಅಗಲ ಪಟ್ಟಿ ಹಿಗ್ಗಿ ಜರ್ಕನ್ನು ನುಂಗುತ್ತದೆ, ನಾನು ಈಗ ಅದನ್ನೇ ಇಡುತ್ತೇನೆ. ಯಾವುದೇ ಇರಲಿ, ಗಾಡಿಯ ಚಾಸಿಗೆ ಬಿಗಿದ ಕೊಕ್ಕೆಗೇ ಕಟ್ಟಿ, ನಡುವೆ ಒಂದು ದಪ್ಪ ಕಂಬಳಿ ಹೊದಿಸಿ, ಎಲ್ಲರನ್ನೂ ಹಗ್ಗದ ಉದ್ದಕ್ಕಿಂತ ದೂರ ಕಳಿಸಿ. ಗಾಡಿ ವಾಲಿ ನಿಂತಾಗ ಹೊರಗೆ ನಿಂತು ಕೈಯಿಂದ ಒತ್ತಿ ಹಿಡಿಯಲು ಯಾರನ್ನೂ ಬಿಡಬೇಡಿ. ಒಳಗಿದ್ದವರು ಬೆಲ್ಟ್ ಕಟ್ಟಿಕೊಂಡೇ ಇರಬೇಕು, ಗಾಡಿ ಪೂರ್ತಿ ನಿಂತ ಮೇಲೆ ಗುಡ್ಡದ ಬದಿಗೆ ಇಳಿಯಬೇಕು. ಉರುಳುವ ಗಾಡಿಯಿಂದ ಜಿಗಿದವರ ಮೇಲೆ ಗಾಡಿಯೇ ಬೀಳುತ್ತದೆ.

ಆ ದಾರಿಗಳಲ್ಲಿ ಮೊಬೈಲ್ ಹಿಡಿಯುವುದಿಲ್ಲ. ಒಂದೇ ಗಾಡಿ ಹೋಗುವುದಕ್ಕಿಂತ ಎರಡು ಲೇಸು, ಇಕ್ಕಟ್ಟಾದ ತುಂಡನ್ನು ಮಾತ್ರ ಒಂದು ದಾಟಿದ ಮೇಲೆ ಇನ್ನೊಂದು ದಾಟಬೇಕು. ಮನೆಯಲ್ಲಿ ದಾರಿಯ ಹೆಸರನ್ನೂ ವಾಪಸಾಗುವ ಹೊತ್ತನ್ನೂ ಹೇಳಿ ಹೋಗಿ.

ಹೋದ ಜನವರಿಯಲ್ಲಿ ಅದೇ ಗೇರು ತೋಟಕ್ಕೆ ಮತ್ತೆ ಹೋದೆವು. ಕುಸಿದ ಜಾಗಕ್ಕೆ ಮಾಲೀಕರು ಕಲ್ಲು ತುಂಬಿಸಿದ್ದರು, ನೋಡಲು ಗಟ್ಟಿಯಾಗಿಯೇ ಇತ್ತು. ತಮ್ಮ ಸಲಾಕಿ ಊರಿದ. ಕಲ್ಲುಗಳ ನಡುವೆ ಅದು ಒಂದು ಗೇಣು ಒಳಗೆ ಹೋಯಿತು. ಇಬ್ಬರೂ ಮುಖ ನೋಡಿಕೊಂಡೆವು. ಹಳ್ಳದ ಈಚೆ ಅಗಲ ಜಾಗದಲ್ಲಿ ಗಾಡಿ ತಿರುಗಿಸಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಬುತ್ತಿ ಗಂಟು ಹೆಗಲಿಗೆ ಹಾಕಿಕೊಂಡು ನಡೆದೆವು. ತೋಟ ಮುಟ್ಟಲು ಹದಿನೈದು ನಿಮಿಷ ಹಿಡಿಯಿತು.